ಗೋಡೆಯ ಮೇಲಿನ ಗಾರ್ತ್‌ರಿಗ್‌ಗಳು

ವಿನಿಫ್ರೆಡ್ ಗಾರ್ತ್‌ರಿಗ್ ಎಂಬ ಹೆಂಗಸು, ನಮಗೆಲ್ಲ ವಿನ್ನಿ, ಇಪ್ಪತ್ತಾರು ವರ್ಷ ನನ್ನ ಹೆಗಲು ಸವೆಸಿದಳು. ನಾನು ನೆಲ್ ಕೋಟ್ಸ್, ಕೆಲ್ಡ್‌ಬೆಕ್ ಕಣಿವೆಯ ಅಂಚೆಯವಳು. ಬೇರೆ ಮನೆಗಳಿಗೆ ದಿನಕ್ಕೊಂದು ಕಾಗದ ಬಂದರೆ ಅದೇ ಹೆಚ್ಚು. ಇವಳ ಮನೆಗೆ ಮಾತ್ರ ಕಟ್ಟು ಕಟ್ಟು. ಜನನಪತ್ರ, ಮರಣಪತ್ರ, ಯಾವುದೋ ಊರಿನ ಚರ್ಚಿನ ದಾಖಲೆಯ ನಕಲು. ಗುಡ್ಡ ಹತ್ತಿ, ಮೂರು ಗೇಟು ತೆಗೆದು ಹಾಕಿ, ಹಿಮದಲ್ಲಿ ಜಾರಿ ಬಿದ್ದು ಅದನ್ನೆಲ್ಲ ತಲುಪಿಸಿದರೆ, ಬಾಗಿಲು ತೆಗೆದವಳು ನನ್ನ ಮುಖವನ್ನೂ ನೋಡದೆ ಲಕೋಟೆ ಕಿತ್ತುಕೊಳ್ಳುತ್ತಿದ್ದಳು. ಆಮೇಲೆ ಕೊಡುತ್ತಿದ್ದ ಚಹಾ ಚೆನ್ನಾಗಿರುತ್ತಿತ್ತು ಅನ್ನುವುದನ್ನು ಒಪ್ಪಿಕೊಳ್ಳಬೇಕು.

ನಲವತ್ತು ವರ್ಷ ಚೀಸ್ ಕಾರ್ಖಾನೆಯಲ್ಲಿ ದುಡಿದವಳು, ಮದುವೆಯಾಗದವಳು. ಒಂದೇ ಒಂದು ಹುಚ್ಚು: ತನ್ನ ಮನೆತನದ ಹೆಸರನ್ನು ಕೂಡಿಹಾಕುವುದು. ನಮ್ಮ ದೇಶದಲ್ಲಿ ಇಂಥವರು ಊರಿಗೊಬ್ಬರು ಸಿಗುತ್ತಾರೆ. ಬೀದಿಗೆ ಹತ್ತು ಜನ ಸಿಗುವ ಸ್ಮಿತ್ ಎಂಬ ಹೆಸರಿನವರಿಗೆ ಈ ಹುಚ್ಚು ಹಿಡಿಯುವುದಿಲ್ಲ, ಹಿಡಿದರೆ ಅವರು ಬದುಕುವುದಿಲ್ಲ. ಗಾರ್ತ್‌ರಿಗ್ ಹಾಗಲ್ಲ. ಕಣಿವೆಯ ತುದಿಯಲ್ಲಿ ಆ ಹೆಸರಿನ ಒಂದು ಹಳೆಯ ಕುರಿಮನೆ ಇತ್ತು. ಈಗ ಸೂರಿಲ್ಲದ ನಾಲ್ಕು ಗೋಡೆ. ಆರು ನೂರು ವರ್ಷದ ಹಿಂದಿನ ತೆರಿಗೆ ಪಟ್ಟಿಯಲ್ಲಿ ‘ಗಾರ್ತ್‌ರಿಗ್‌ನ ಜಾನ್’ ಎಂದು ಒಬ್ಬ ಸಿಗುತ್ತಾನೆ. ಇವರೆಲ್ಲ ಅವನ ಸಂತಾನ. ಕುರಿ ಮೇಯಿಸಿದರು, ಸೀಸದ ಗಣಿ ಅಗೆದರು. ಗಣಿ ಮುಚ್ಚಿದಾಗ ಪಾತ್ರೆಪಗಡಿ ಗಾಡಿಗೆ ಹೇರಿಕೊಂಡು, ಕೆಲವರು ಬೆಟ್ಟ ದಾಟಿ ಬರ್ನ್ಲಿಯ ಮಗ್ಗಗಳಿಗೆ ಹೋದರು, ಕೆಲವರು ಡರ್ಹಮ್‌ನ ಕಲ್ಲಿದ್ದಲಿಗೆ. ಆ ಕಾಲದ ಜನಗಣತಿಯಲ್ಲಿ ದೇಶಕ್ಕೆಲ್ಲ ಎಂಬತ್ತೊಂದು ಗಾರ್ತ್‌ರಿಗ್‌ಗಳು, ಅವರಲ್ಲಿ ಅರವತ್ತೇಳು ಜನ ಇಲ್ಲೇ. ಈಗ ಒಟ್ಟು ಇಪ್ಪತ್ತಮೂರು. ಇಲ್ಲಿ ಐದು, ಬರ್ನ್ಲಿಯಲ್ಲಿ ಒಂಬತ್ತು, ಡರ್ಹಮ್‌ನಲ್ಲಿ ಏಳು, ದಕ್ಷಿಣದ ಕಡಲ ತೀರದಲ್ಲಿ ಇಬ್ಬರು. ಅಡುಗೆಮನೆಯ ಗೋಡೆಗೆ ಇಂಗ್ಲೆಂಡಿನ ನಕ್ಷೆ ಅಂಟಿಸಿ, ಬದುಕಿರುವ ಒಬ್ಬೊಬ್ಬ ಗಾರ್ತ್‌ರಿಗ್‌ಗೂ ಒಂದೊಂದು ನೀಲಿ ಗುಂಡುಸೂಜಿ ಚುಚ್ಚಿದ್ದಳು.

ದಪ್ಪ ಪುಸ್ತಕವೊಂದರಲ್ಲಿ ವಂಶಾವಳಿ. ಮಗಳು ಮದುವೆಯಾಗಿ ಗಂಡನ ಹೆಸರು ಹಿಡಿದರೆ ಅವಳ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಒಂದು ಅಡ್ಡಗೆರೆ.

“ಇದೇನೇ ಇದು, ಪಾಪ, ಎಲ್ರನ್ನೂ ಹೊಡೆದು ಹಾಕಿದೀಯಾ?” ಎಂದು ಒಮ್ಮೆ ಕೇಳಿದ್ದೆ.

“ಹೆಸರು ಹೋಯ್ತಲ್ಲ ಕಣೇ ನೆಲ್. ಅಲ್ಲಿಗೆ ನನ್ನ ಕೆಲಸ ಮುಗೀತು. ಹೆಸರು ಕೂಡಿಸೋರೆಲ್ಲಾ ಹಿಂಗೇ ಮಾಡೋದು.”

ನನಗೂ ಅದು ಸರಿಯೆಂದೇ ತೋರಿತು. ಇಬ್ಬರು ಹೆಂಗಸರು, ಬಿಸಿ ಚಹಾ ಹೀರುತ್ತಾ, ಆ ಕೆಂಪು ಗೆರೆಗಳನ್ನು ನೋಡಿ ಏನೂ ಅನ್ನಿಸದೆ ಕೂತಿದ್ದೆವು. ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳೋಣ ಅನ್ನಿಸುತ್ತದೆ.

ವಿನ್ನಿಯ ಅಪ್ಪ ನಲವತ್ತೊಂದಕ್ಕೆ ಸತ್ತ. ಮೊಣಕಾಲ ನಡುವೆ ಕುರಿ, ಕೈಯಲ್ಲಿ ಉಣ್ಣೆಯ ಕತ್ತರಿ, ಹಾಗೇ ಕುಸಿದ. ಅಣ್ಣ ವಾಲ್ಟರ್ ಮೂವತ್ತಾರಕ್ಕೆ, ತಪ್ಪಿಸಿಕೊಂಡ ಟಗರಿನ ಹಿಂದೆ ಗುಡ್ಡ ಹತ್ತುವಾಗ. ನಮ್ಮ ಮನೆಯ ಹಣೆಬರಹ ಎಂದುಕೊಂಡಿದ್ದಳು. ಮರಣಪತ್ರಗಳು ಗುಡ್ಡೆಯಾದಂತೆ ಅದು ಬರೀ ಅವರ ಮನೆಯದಲ್ಲ ಎಂದು ಗೊತ್ತಾಯಿತು. ಹನ್ನೊಂದು ಜನ. ಎಲ್ಲರೂ ಗಟ್ಟಿಮುಟ್ಟು, ಎಲ್ಲರೂ ನಲವತ್ತೈದರೊಳಗೆ, ಓಡುವಾಗಲೋ ಈಜುವಾಗಲೋ ಬೆಚ್ಚಿಬಿದ್ದಾಗಲೋ ಹೋದವರು. ನಕ್ಷೆಯ ಮೇಲೆ ಹನ್ನೊಂದು ಕಪ್ಪು ಸೂಜಿ ಬಂದವು. ಅವಳು ಎಲ್ಲವನ್ನೂ ಬರೆದು ಲೀಡ್ಸ್‌ನ ಹೃದಯದ ಡಾಕ್ಟರಿಗೆ ಕಳಿಸಿದಳು.

ಉತ್ತರ ತಂದವಳು ನಾನೇ. ವಂಶದಲ್ಲೇ ಹರಿದು ಬರುವ ತೊಂದರೆ; ಎದೆಬಡಿತದ ತಾಳ ಒಮ್ಮೆಗೇ ತಪ್ಪುತ್ತದೆ; ರಕ್ತಸಂಬಂಧಿಗಳೆಲ್ಲ ಪರೀಕ್ಷೆ ಮಾಡಿಸಿಕೊಳ್ಳಲಿ, ಗುಳಿಗೆ ಇದೆ, ಎದೆಯೊಳಗಿಡುವ ಸಣ್ಣ ಯಂತ್ರ ಇದೆ, ಮುದುಕರಾಗುವವರೆಗೆ ಬದುಕಬಹುದು. ರಕ್ತಸಂಬಂಧಿಗಳೆಲ್ಲ ಎಂದು ಡಾಕ್ಟರು ಬರೆದಿದ್ದರು. ಗಾರ್ತ್‌ರಿಗ್‌ಗಳೆಲ್ಲ ಎಂದು ವಿನ್ನಿ ಓದಿಕೊಂಡಳು. ತಾನು ಪರೀಕ್ಷೆ ಮಾಡಿಸಿಕೊಂಡಳು, ಏನೂ ಇರಲಿಲ್ಲ. ಜನವರಿಯಲ್ಲಿ ಉಳಿದ ಇಪ್ಪತ್ತೆರಡು ಜನಕ್ಕೂ ಕಾಗದ ಹಾಕಿದಳು.

ಇಪ್ಪತ್ತೊಂದು ಜನ ಉತ್ತರಿಸಿದರು. ನಾಲ್ವರಲ್ಲಿ ರೋಗ ಸಿಕ್ಕಿತು, ಗುಳಿಗೆ ಶುರುವಾಯಿತು. ಬರ್ನ್ಲಿಯ ಕ್ಯಾಲಮ್ ಗಾರ್ತ್‌ರಿಗ್, ಇಪ್ಪತ್ತನಾಲ್ಕು ವರ್ಷ, ಮೂರು ಕಾಗದಕ್ಕೂ ತುಟಿಪಿಟಕ್ ಅನ್ನಲಿಲ್ಲ.

ಆಗಸ್ಟಿನಲ್ಲಿ ನಮ್ಮೂರ ಕುರಿ ಪ್ರದರ್ಶನದ ಪುಸ್ತಿಕೆ ಅಚ್ಚಾಗಿ ಬಂತು. ಕೊನೆಯ ಪುಟದಲ್ಲಿ ಗುಡ್ಡದ ಓಟಕ್ಕೆ ಹೆಸರು ಕೊಟ್ಟವರ ಪಟ್ಟಿ. ಮೂವತ್ತೊಂದನೇ ನಂಬರು, ಕ್ಯಾಲಮ್ ಗಾರ್ತ್‌ರಿಗ್, ಬರ್ನ್ಲಿ.

“ಅಯ್ಯೋ ದೇವ್ರೇ,” ಎಂದಳು ವಿನ್ನಿ. “ನೆಟ್ಟಗೆ ಸಾವಿಗೇ ಹೆಸರು ಕೊಟ್ಟವ್ನಲ್ಲೇ ಇವ್ನು.”

ನಮ್ಮ ಗುಡ್ಡದ ಓಟ ತಮಾಷೆಯಲ್ಲ. ಹೊಲದಿಂದ ಹೊರಟು ಹಳ್ಳ ದಾಟಿ, ಜರಿಗಿಡದ ಪೊದೆ ನುಗ್ಗಿ, ತುದಿಯ ಕಲ್ಲುಗುಪ್ಪೆ ಮುಟ್ಟಿ, ಸಡಿಲ ಕಲ್ಲಿನ ಇಳಿಜಾರಿನಲ್ಲಿ ಬಿದ್ದೆನೋ ಎದ್ದೆನೋ ಎಂದು ಇಳಿಯಬೇಕು. ಒಳ್ಳೆಯ ಎದೆಯವರ ಎದೆಯೂ ಒಡೆಯುತ್ತದೆ.

ಓಟದ ದಿನ ನಮ್ಮಿಬ್ಬರನ್ನು ಕಾರಿನಲ್ಲಿ ಕರೆದೊಯ್ದವಳು ಬೆತ್ ಆಲ್ಡರ್ಸನ್. ವಿನ್ನಿಯ ತೀರಿಹೋದ ತಂಗಿ ಈಡಿತ್‌ಳ ಮೊಮ್ಮಗಳು, ಇಪ್ಪತ್ತೆರಡು ವರ್ಷ. ಅವಳ ಅಮ್ಮ ಜೀನ್ ಹೊಳೆಯಲ್ಲಿ ಮುಳುಗಿ ಹೋದಾಗ ಮಗುವಿಗೆ ಆರು. ಅಜ್ಜಿಯರಿಬ್ಬರ ಮಡಿಲಲ್ಲೇ ಬೆಳೆಯಿತು. ಬೆತ್ ಕೂಡ ಓಡುವವಳೇ, ಹಿಂದಿನ ವರ್ಷ ಹೆಂಗಸರಲ್ಲಿ ಎರಡನೆಯವಳು.

“ವಿನ್ ಅಜ್ಜಿ, ಆ ಬರ್ನ್ಲಿಯವನನ್ನ ನೀನು ನಿಲ್ಲಿಸ್ಬೇಡ,” ಎಂದು ನಕ್ಕಳು. “ನಾನೇ ಹಿಂದೆ ಹಾಕ್ತೀನಿ.”

“ಬಾಯ್ಮುಚ್ಕೊಂಡು ಗಾಡಿ ಓಡ್ಸು.”

“ನೋಡಿ ನೆಲ್ ಅತ್ತೆ, ಯಾರೋ ಗೊತ್ತಿಲ್ದೋನಿಗೆ ನೀಲಿ ಸೂಜಿ, ವಾರ ವಾರ ಬಂದು ಮನೆ ಗುಡಿಸೋ ನಂಗೆ ಒಂದೂ ಇಲ್ಲ.”

“ನೀನು ಆಲ್ಡರ್ಸನ್ ಕಣೇ. ಈ ಕಣಿವೇಲಿ ಆಲ್ಡರ್ಸನ್‌ಗಳಿಗೆಲ್ಲಾ ಸೂಜಿ ಚುಚ್ಚಿದ್ರೆ ನನ್ನ ಗೋಡೆನೇ ಬಿದ್ಹೋಗುತ್ತೆ.”

ಮೂವರೂ ನಕ್ಕೆವು.

ಹೊಲದ ತುಂಬ ಜನ. ಟಗರುಗಳ ಪಂಜರ, ಚಹಾದ ಡೇರೆ, ಹಿತ್ತಾಳೆ ವಾದ್ಯದವರು. ಗೆರೆಯ ಹತ್ತಿರ ಓಟಗಾರರು ಆಗಲೇ ಕೂಡಿದ್ದರು. ವಿನ್ನಿ ಎಪ್ಪತ್ತೆಂಟರ ಹೆಂಗಸು, ಕೋಲೂರಿಕೊಂಡು ಜನರ ನಡುವೆ ನುಗ್ಗಿ ಮೂವತ್ತೊಂದನೇ ನಂಬರನ್ನು ಹಿಡಿದಳು. ಉದ್ದ ಕಾಲಿನ ಹುಡುಗ.

“ನೀನೇ ಕ್ಯಾಲಮ್ ಅಲ್ವಾ? ನಿಂಗೆ ಮೂರು ಕಾಗದ ಬರೆದವಳು ನಾನು.”

“ಓಹೋ, ಆ ಸಾವಿನ ಅಜ್ಜಿ ನೀವೇನಾ!” ಅವನು ಗೆಳೆಯನಿಗೆ ಕಣ್ಣು ಹೊಡೆದ. “ಓಟ ಮುಗೀಲಿ ಅಜ್ಜಿ, ಆಮೇಲೆ ಮಾತಾಡೋಣ.”

“ಓಟ ಮುಗಿಯೋ ಹೊತ್ತಿಗೆ ನೀನಿರಲ್ಲ ಕಣೋ!”

ಬಾವುಟ ಇಳಿಯಿತು. ಜನ ದಡದಡನೆ ಹೊರಟರು. ವಿನ್ನಿ ಕೋಲು ಎಸೆದು ಎರಡೂ ಕೈಯಲ್ಲಿ ಅವನ ಬನಿಯನ್ ಹಿಡಿದು ಜೋತುಬಿದ್ದಳು. ಅವನು ಎಳೆದ, ಇವಳು ಬಿಡಲಿಲ್ಲ, ಇಬ್ಬರೂ ಹುಲ್ಲಿನ ಮೇಲೆ ಕೂತರು. ಹಳದಿ ಬನಿಯನ್ನಿನ ಬೆತ್ ನಮ್ಮ ಪಕ್ಕದಲ್ಲೇ ಹಾದು, ಹೊಟ್ಟೆ ಹುಣ್ಣಾಗುವಂತೆ ನಗುತ್ತಾ ಕೈ ಬೀಸಿ ಓಡಿದಳು.

ಕ್ಯಾಲಮ್‌ನ ಮುಖ ಕೆಂಡವಾಗಿತ್ತು. “ನಿಮಗೇನು ತಲೆ ಕೆಟ್ಟಿದ್ಯಾ? ವರ್ಷವಿಡೀ ಇದಕ್ಕೆ ಓಡಿದೀನಿ ನಾನು! ನಿಮ್ಮ ರೋಗ ನಂಗ್ಯಾಕೆ ಬರುತ್ತೆ? ನಾನು ನಿಮ್ಮ ವಂಶದವನೇ ಅಲ್ಲ. ನಂಗೆ ಆರು ವರ್ಷ ಇದ್ದಾಗ ಅಮ್ಮ ಸ್ಟೀಫನ್ ಗಾರ್ತ್‌ರಿಗ್‌ನ ಮದುವೆ ಆದ್ಲು. ಅವನು ಪ್ರೀತಿಯಿಂದ ಹೆಸರು ಕೊಟ್ಟ. ಹೆಸರಿಂದ ರೋಗ ಅಂಟುತ್ತಾ?”

ನನಗೆ ನಗು ತಡೆಯಲಾಗಲಿಲ್ಲ. “ಹೋಯ್ತಲ್ಲೇ ವಿನ್ನಿ, ಸೂಜಿ ದಂಡ!”

ವಿನ್ನಿ ನಗಲಿಲ್ಲ. ಹುಲ್ಲಿನ ಮೇಲೆ ಕೂತೇ ಇದ್ದಳು. “ಹೆಸರಿದೆ, ರಕ್ತ ಇಲ್ಲ,” ಎಂದು ತನಗೇ ಹೇಳಿಕೊಂಡಳು. ಆಮೇಲೆ ನನ್ನ ತೋಳು ಹಿಡಿದಳು. ಉಗುರು ನಾಟಿತು.

“ನೆಲ್. ರಕ್ತ ಇದ್ದು ಹೆಸರಿಲ್ದೋರು?”

“ಏನಂದೆ?”

“ಜೀನ್. ನಮ್ಮ ಜೀನ್ ನಾಲ್ಕು ವರ್ಷಕ್ಕೇ ಈಜು ಕಲಿತವಳು ಕಣೇ. ಸ್ಕೂಲಲ್ಲಿ ಕಪ್ ಗೆದ್ದವಳು. ಎದೆಮಟ್ಟ ನೀರಲ್ಲಿ ಹೆಂಗೇ ಮುಳುಗಿದ್ಲು?”

ಇಬ್ಬರೂ ಒಟ್ಟಿಗೆ ಗುಡ್ಡದತ್ತ ತಿರುಗಿದೆವು. ಜರಿಗಿಡದ ಹಸಿರಿನ ಮೇಲೆ ಹಳದಿ ಚುಕ್ಕೆಯೊಂದು ತುದಿಯತ್ತ ಹೋಗುತ್ತಿತ್ತು.

ಓಟದ ಉಸ್ತುವಾರಿ ಟಾಮ್ ಕ್ಯಾಲ್ವರ್ಟ್ ವೈರ್‌ಲೆಸ್ ಹಿಡಿದು ನಿಂತಿದ್ದ. ನಾನು ಓಡಿದೆ. “ಬೆತ್‌ನ ನಿಲ್ಸು! ಮೇಲಿರೋರಿಗೆ ಹೇಳು, ನಿಲ್ಸಿ ಕೂರ್ಸಿ ಅಂತ!”

“ಇನ್ನೊಬ್ರಾ? ಇವತ್ತು ಓಡೋರ್ನೆಲ್ಲಾ ನೀವಿಬ್ರೇ ಹಿಡ್ಕೊಂಡ್ರೆ ಬಹುಮಾನ ಯಾರಿಗ್ ಕೊಡ್ಲಿ?”

“ಟಾಮ್ ಕ್ಯಾಲ್ವರ್ಟ್, ಆ ಡಬ್ಬಿ ಬಾಯಿಗಿಡ್ತೀಯೋ ಇಲ್ಲ ನಿನ್ನ ತಲೆಗೆ ಇಡ್ಲೋ?”

ಇಟ್ಟ. ಗರಗರ ಸದ್ದಿನ ನಡುವೆ ಕಲ್ಲುಗುಪ್ಪೆಯವನ ದನಿ ಬಂತು: ಬೆತ್ ಆಗಲೇ ಮುಟ್ಟಿ ಇಳಿದಳು, ಹೆಂಗಸರಲ್ಲಿ ಅವಳೇ ಮೊದಲು, ಏನು ವೇಗ ಅಂತೀರಿ.

ಕಲ್ಲುಗುಪ್ಪೆಯಿಂದ ಕೆಳಗೆ ಹೊಲದವರೆಗೆ ಇನ್ನು ನಿಲ್ಲಿಸುವವರು ಯಾರೂ ಇರಲಿಲ್ಲ. ಪ್ರಥಮ ಚಿಕಿತ್ಸೆಯವರು ಕೂಡ ಆಚೆ ಬಂಡೆಯ ಹತ್ತಿರ ಯಾರದೋ ಕಾಲು ಮುರಿದಿದೆಯೆಂದು ಹತ್ತಿಹೋಗಿದ್ದರು. ಸಡಿಲ ಕಲ್ಲಿನ ಮೇಲೆ ಹಳದಿ ಕಂಡಿತು. ಜರಿಗಿಡದಲ್ಲಿ ಮುಚ್ಚಿಹೋಯಿತು. ಮತ್ತೆ ಕಂಡಿತು. ಗಂಡಸರು ನಾಲ್ಕೈದು ಜನ ಗೆರೆ ದಾಟಿದರು, ನಾನು ಅವರ ಮುಖವನ್ನೂ ನೋಡಲಿಲ್ಲ. ಬೆತ್ ಹಳ್ಳದ ಕಲ್ಲುಗೋಡೆ ಹಾರಿ ಕೊನೆಯ ಹೊಲಕ್ಕೆ ಬಂದಳು. ಊರೆಲ್ಲ ಚಪ್ಪಾಳೆ.

“ನಿಲ್ಲೇ!” ವಿನ್ನಿ ಹಗ್ಗಕ್ಕೆ ಎದೆಯೊತ್ತಿ ಕಿರುಚಿದಳು. “ಬೆತ್! ನಿಲ್ಲೇ ನನ್ನವ್ವಾ!”

ಬೆತ್‌ಗೆ ಅಜ್ಜಿ ಕೂಗುವುದು ಕಂಡಿತು. ಹುರಿದುಂಬಿಸುತ್ತಿದ್ದಾಳೆ ಎಂದುಕೊಂಡಳು. ಕೈ ಎತ್ತಿ ನಕ್ಕು, ಇನ್ನೂ ಜೋರಾಗಿ ಓಡಿದಳು. ಗೆರೆಗೆ ಮೂವತ್ತು ಹೆಜ್ಜೆ ಇರುವಾಗ ಕಾಲು ಮಡಿಸಿಕೊಂಡು ಮುಖ ಅಡಿಯಾಗಿ ಬಿದ್ದಳು. ಎದ್ದೇಳುತ್ತಾಳೆಂದು ಜನ ಇನ್ನೂ ಚಪ್ಪಾಳೆ ಹೊಡೆಯುತ್ತಲೇ ಇದ್ದರು.

“ಗೇಟಿನ ಹತ್ರ ಕೆಂಪು ಫೋನ್ ಗೂಡು!” ನಾನು ಕ್ಯಾಲಮ್‌ನನ್ನು ನೂಕಿದೆ. “ಒಳಗೆ ಎದೆ ಯಂತ್ರ ಇದೆ! ಬೀಗಕ್ಕೆ ಏಳು ಎರಡು ಎರಡು ಒಂಬತ್ತು! ಓಡೋ!”

ಆ ಗೂಡಿನಲ್ಲಿ ಫೋನ್ ಹೋಗಿ, ನಿಂತ ಎದೆಗೆ ವಿದ್ಯುತ್ತಿನ ಹೊಡೆತ ಕೊಡುವ ಆ ಯಂತ್ರ ಬಂದು ವರ್ಷಗಳಾಗಿದ್ದವು. ವಾರಕ್ಕೊಮ್ಮೆ ಅದನ್ನು ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ. ಕ್ಯಾಲಮ್ ಓಡಿದ. ಆ ದಿನದ ಓಟವನ್ನೆಲ್ಲ ಕಾಲಲ್ಲಿ ಉಳಿಸಿಕೊಂಡಿದ್ದವನು ಅವನೊಬ್ಬನೇ. ಗೇಟನ್ನು ತೆಗೆಯಲಿಲ್ಲ, ಹಾರಿದ. ಟಾಮ್ ಬೆತ್‌ಳನ್ನು ಅಂಗಾತ ಮಾಡಿ ಎದೆ ಒತ್ತುತ್ತಿದ್ದ, ಗಟ್ಟಿಯಾಗಿ ಎಣಿಸುತ್ತಾ, ಅಳುತ್ತಾ. ಅವಳ ತುಟಿ ನೀಲಿಯಾಗಿತ್ತು. ಯಂತ್ರ ಬಂತು. ದೂರ ಸರಿಯಿರಿ ಎಂದು ಅದೇ ಹೇಳಿತು. ಮೈ ಒಮ್ಮೆ ಎಗರಿ ಬಿತ್ತು. ಏನೂ ಆಗಲಿಲ್ಲ. ಟಾಮ್ ಮತ್ತೆ ಒತ್ತಿದ. ವಿನ್ನಿ ಅವಳ ಪಾದ ಹಿಡಿದುಕೊಂಡು ಕೂತಿದ್ದಳು. ಮತ್ತೆ ದೂರ ಸರಿದೆವು. ಎರಡನೇ ಸಲ ಎಗರಿದ ಮೇಲೆ ಬೆತ್ ಒರಟಾಗಿ ಒಂದು ಉಸಿರೆಳೆದಳು. ಅಷ್ಟು ಅಸಹ್ಯವಾದ ಸದ್ದನ್ನು ನಾನು ಕೇಳಿಲ್ಲ, ಅಷ್ಟು ಸೊಗಸಾದದ್ದನ್ನೂ ಕೇಳಿಲ್ಲ.

ಹತ್ತು ದಿನದ ನಂತರ ಅವಳ ಎದೆಯೊಳಗೆ ಸಣ್ಣ ಯಂತ್ರ ಇಟ್ಟರು. ಆಸ್ಪತ್ರೆಯಲ್ಲಿ ವಿನ್ನಿ ಅವಳ ಮಂಚದ ಪಕ್ಕ ಟೋಪಿ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

“ನಿಮ್ಮಮ್ಮನ ಸಾವನ್ನ ನಾನು ಲೆಕ್ಕಕ್ಕೇ ತಗೊಳ್ಳಿಲ್ಲ ಕಣೇ. ನನ್ನ ತಂಗಿ ಹೆಸರಿನ ಮುಂದೆ ಈ ಕೈಯಲ್ಲೇ ಗೆರೆ ಎಳೆದೆ.”

“ಹಂಗಾದ್ರೆ ಈಗ ನಂಗೊಂದು ಸೂಜಿ?” ಎಂದಳು ಬೆತ್.

ವಿನ್ನಿ ಅತ್ತಳು. ಅಪ್ಪ ಸತ್ತಾಗಲೂ ಅವಳು ಅಳಲಿಲ್ಲ ಎಂದು ಊರಲ್ಲಿ ಹೇಳುತ್ತಾರೆ. ಮನೆಗೆ ಬಂದವಳೇ ಕೆಲ್ಡ್‌ಬೆಕ್ ಮೇಲೆ ನೀಲಿ ಸೂಜಿ ಚುಚ್ಚಿ, ಪಕ್ಕದ ಹೊಳೆಯ ಮೇಲೆ ಜೀನ್‌ಳದೊಂದು ಕಪ್ಪು ಸೂಜಿ ಚುಚ್ಚಿದಳು. ಕ್ಯಾಲಮ್‌ನದನ್ನು ಕೀಳಲು ನಾನು ಕೈ ಹಾಕಿದರೆ ಹೊಡೆದಳು. “ಬಿಡೇ. ಅವ್ನು ಗಾರ್ತ್‌ರಿಗ್ಗೇ.”

ಆಮೇಲೆ ಪುಸ್ತಕ ತೆರೆದಳು. ಕೆಂಪು ಗೆರೆ ಎಳೆದ ಹೆಣ್ಣುಮಕ್ಕಳು ನೂರಾ ಹದಿನೆಂಟು. ಒಬ್ಬೊಬ್ಬಳ ಗಂಡನ ಹೆಸರು, ಮಕ್ಕಳು, ಆ ಮಕ್ಕಳ ಮಕ್ಕಳು. ನಾನು, ಬೆತ್, ಭಾನುವಾರ ಬರ್ನ್ಲಿಯಿಂದ ಕ್ಯಾಲಮ್, ಎಲ್ಲರೂ ಆ ಅಡುಗೆಮನೆಯಲ್ಲಿ ಕೂತು ಹುಡುಕಿದೆವು. ಅಕ್ಟೋಬರ್ ಹೊತ್ತಿಗೆ ನಲವತ್ತಾರು ಗೆರೆಗಳನ್ನು ದಾಟಿ ಕಾಗದ ಹಾಕಿದ್ದೆವು.

ಮೊದಲ ಉತ್ತರ ಡರ್ಹಮ್‌ನಿಂದ ಬಂತು. ನಾನೇ ತಂದುಕೊಟ್ಟೆ. ವಿನ್ನಿ ಓದಿ ನನ್ನತ್ತ ಚಾಚಿದಳು. ಬರೆದವಳು ಒಬ್ಬ ತಾಯಿ, ಅವಳ ಮುತ್ತಜ್ಜಿ ಗಾರ್ತ್‌ರಿಗ್ ಮನೆಯವಳು. ‘ನನ್ನ ಮಗ ಡೆಸ್ಮಂಡ್‌ಗೆ ಹತ್ತೊಂಬತ್ತು ವರ್ಷ. ಈ ವರ್ಷ ಮಾರ್ಚಿನಲ್ಲಿ ಈಜುಕೊಳದಲ್ಲಿ ಹೋದ. ಯಾಕೆಂದು ಯಾರಿಗೂ ಗೊತ್ತಾಗಿರಲಿಲ್ಲ. ನಿಮ್ಮ ಕಾಗದ ಓದಿದ ಮೇಲೆ ಗೊತ್ತಾಯಿತು.’ ಕೆಳಗೆ ವಿಳಾಸ. ಅದೇ ಬೀದಿಯಲ್ಲಿ, ನಾಲ್ಕು ಮನೆ ಆಚೆಗೆ, ಒಬ್ಬ ಗಾರ್ತ್‌ರಿಗ್‌ಗೆ ಜನವರಿಯಲ್ಲೇ ಕಾಗದ ಮುಟ್ಟಿತ್ತು.

ವಿನ್ನಿ ಎದ್ದು ಡಬ್ಬಿಯಿಂದ ಕಪ್ಪು ಸೂಜಿ ತೆಗೆದಳು. ಸೂಜಿ ಎರಡು ಸಲ ಕೆಳಗೆ ಬಿತ್ತು. ಮೂರನೇ ಸಲ ಎರಡೂ ಕೈಯಲ್ಲಿ ಒತ್ತಿ ಚುಚ್ಚಿದಳು, ನಾಲ್ಕು ಮನೆ ಆಚೆಯ ನೀಲಿ ಸೂಜಿಗೆ ತಾಗುವಷ್ಟು ಹತ್ತಿರ. ಆಮೇಲೆ ಕುರ್ಚಿ ಎಳೆದು ಕೂತಳು.

“ನೆಲ್, ಇನ್ನೂ ಎಪ್ಪತ್ತೆರಡು ಗೆರೆ ಇದೆ,” ಎಂದಳು. “ಅಂಚೆಚೀಟಿ ತಾ.”