ಮಗನನ್ನು ಹೊರಗಿಟ್ಟ ಅವ್ವ

ಅಣ್ಣ ಕುಡಿಯುತ್ತಿರಲಿಲ್ಲ. ಅದಕ್ಕೇ ಅವನು ಅವ್ವನಿಗೆ ಹೊಡೆಯುತ್ತಾನೆಂದರೆ ಪಕ್ಕದ ಮನೆಯವರನ್ನು ಬಿಟ್ಟರೆ ಪುರವರದ ಸುತ್ತ ಯಾರೂ ನಂಬುತ್ತಿರಲಿಲ್ಲ. ಅಪ್ಪ ಸತ್ತ ಮೇಲೆ ಮನೆಯಲ್ಲಿ ನಾವು ಮೂವರೇ. ಸಾರಿಗೆ ಉಪ್ಪು ಕಡಿಮೆಯಾದರೆ ಏಟು, ಕುರಿ ಹಟ್ಟಿಯ ಬಾಗಿಲು ತೆರೆದಿದ್ದರೆ ಏಟು. ಬಿಡಿಸಲು ಹೋದರೆ ನನಗೂ ಬೀಳುತ್ತಿತ್ತು.

ಒಂದು ದಿನ ಅವ್ವ ಅವನನ್ನು ಕೇಳದೆ ಒಂದು ಟಗರು ಮಾರಿದಳು. ಅವನು ಒಲೆಯ ಪಕ್ಕದ ಸೌದೆ ಎತ್ತಿಕೊಂಡು ಅವಳ ಮುಖಕ್ಕೆ ಬೀಸಿದ. ದವಡೆ ಮುರಿದ ಸದ್ದು ಹಿತ್ತಲಲ್ಲಿದ್ದ ನನಗೂ ಕೇಳಿಸಿತು. ಓಡಿ ಬಂದೆ. ಅವ್ವ ರಕ್ತ ಉಗುಳಿ, ಬಿದ್ದ ಹಲ್ಲುಗಳನ್ನು ಆರಿಸಿ ಸೆರಗಿನಲ್ಲಿ ಕಟ್ಟಿಕೊಳ್ಳುತ್ತಿದ್ದಳು.

"ಜಾರಿ ಬಿದ್ದೆ ಅಂತ ಆಸ್ಪತ್ರೇಲಿ ಯೋಳು," ಅಂದ ಅಣ್ಣ. ಅವ್ವ ಇಲ್ಲವೆಂದು ತಲೆಯಾಡಿಸಿದಳು. ಅವಳು ಅವನಿಗೆ ಎದುರಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ತುಮಕೂರಿನಲ್ಲಿ ಮೇಲಿನ ಹಲ್ಲು, ಕೆಳಗಿನ ಹಲ್ಲು ಸೇರಿಸಿ ತಂತಿ ಬಿಗಿದರು. ಅಂಬಲಿಯನ್ನು ಸ್ಟ್ರಾದಲ್ಲಿ ಹೀರಬೇಕಿತ್ತು. ಹಾಗೇ ಅವಳನ್ನು ಮಧುಗಿರಿ ಕೋರ್ಟಿಗೆ ಕರೆದುಕೊಂಡು ಹೋದೆ. ಅಲ್ಲಿ ಸರ್ಕಾರವೇ ಕೊಟ್ಟ ವಕೀಲೆಯೊಬ್ಬರು, ಕೌಟುಂಬಿಕ ದೌರ್ಜನ್ಯದ ಕಾನೂನು ಹೆಂಡತಿಯರಿಗಷ್ಟೇ ಅಲ್ಲ, ತಾಯಿಗೂ ಇದೆ ಎಂದರು. ಸೋದರಮಾವ ಕೋರ್ಟಿನ ಬಾಗಿಲಿಗೇ ಬಂದು ಅಡ್ಡ ನಿಂತ.

"ಹೆತ್ ಮಗನ್ ಮ್ಯಾಲೇನೇ ಕೇಸ್ ಹಾಕ್ತಾರಾ ಅಕ್ಕಾ? ನಾವು ತಲೆ ಎತ್ಕಂಡ್ ತಿರ್ಗಾಡದು ಹೆಂಗೆ?"

ಅವ್ವ ಅವನನ್ನು ತಳ್ಳಿಕೊಂಡು ಒಳಗೆ ಹೋದಳು.

ಅಣ್ಣನ ವಕೀಲರು, ಮನೆಯಲ್ಲಿ ಅವನಿಗೂ ಪಾಲಿದೆ ಎಂದು ವಾದಿಸಿದರು. ಪಾಲನ್ನು ಬೇರೆ ಕೇಸಿನಲ್ಲಿ ಕೇಳಲಿ, ಮೊದಲು ಈ ಹೆಂಗಸಿನ ಜೀವ ಉಳಿಯಲಿ ಎಂದ ನ್ಯಾಯಾಧೀಶರು ಅವ್ವನ ಕಡೆ ತಿರುಗಿದರು. ಅವಳು ತಂತಿ ಬಿಗಿದ ಹಲ್ಲುಗಳ ಸಂದಿಯಿಂದಲೇ ಮಾತಾಡಿದಳು. "ನನ್ ಮಗ್ನೇ ಒಡ್ದಿದ್ದು ಸ್ವಾಮಿ. ಅವ್ನು ನನ್ ಮನೆ ಒಳೀಕೆ ಬರ್ಬಾರ್ದು." ಮಾತಿನ ಜೊತೆ ತುಟಿಯಿಂದ ರಕ್ತವೂ ಇಳಿಯಿತು.

ಅವನು ಮನೆಗೆ ಕಾಲಿಡಬಾರದೆಂದು ಆದೇಶವಾದ ಮರುದಿನ ಬೆಳಿಗ್ಗೆಯೇ ಅವನು ಕೊಡಲಿ ಹಿಡಿದು ಬಂದ. ನಾವಿಬ್ಬರೂ ಒಳಗಿನಿಂದ ಬಾಗಿಲಿಗೆ ಮೈಯೊತ್ತಿ ನಿಂತೆವು. ಹಲಗೆ ಸೀಳಿಕೊಂಡು ಒಳಗೆ ಬಂದ ಕೊಡಲಿ ನನ್ನ ತೋಳನ್ನೂ ಸೀಳಿತು. ಇನ್ನೊಂದು ಏಟಿಗೆ ಬಾಗಿಲು ಹೋಗುತ್ತಿತ್ತು. ಅಷ್ಟರಲ್ಲಿ ಪಕ್ಕದ ಕುರುಬರ ಮನೆಯವರು ಬಂದು ಅವನನ್ನು ಕೆಡವಿ, ಕುರಿ ಕಟ್ಟುವ ಹಗ್ಗದಲ್ಲೇ ಕಟ್ಟಿಹಾಕಿದರು. ವರ್ಷಗಟ್ಟಲೆ ಮನೆ ಜಗಳವೆಂದು ಸುಮ್ಮನಿದ್ದವರು, "ಕೋರ್ಟ್ ಆರ್ಡ್ರೈತೆ ಕಣ್ಲಾ, ಬುಡಲ್ಲ ನಿನ್ನ," ಎನ್ನುತ್ತಿದ್ದರು. ನೆಲಕ್ಕೆ ಬಿದ್ದೂ ಅವನು ಅವ್ವನನ್ನು ಕೊಲ್ಲುತ್ತೇನೆಂದೇ ಕೂಗುತ್ತಿದ್ದ. ಪೊಲೀಸರು ಅವನನ್ನು ಎಳೆದುಕೊಂಡು ಹೋದಾಗ ಅವ್ವ ಅತ್ತಳು. ಅತ್ತರೆ ದವಡೆ ನೋಯುತ್ತದೆಂದು ಎರಡೂ ಕೈಯಿಂದ ಮುಖ ಹಿಡಿದುಕೊಂಡು ಅತ್ತಳು.

ಜೈಲಿನಿಂದ ಬಂದವನು ಪಾವಗಡದ ಕಡೆ ಹೋಗಿ, ಬಲಸಮುದ್ರದ ಹತ್ತಿರ ಸೋಲಾರ್ ಪಾರ್ಕಿನಲ್ಲಿ ಕೆಲಸಕ್ಕೆ ಸೇರಿದ. ಅಲ್ಲೇ ಮದುವೆಯಾದ. ಹೋದ ವರ್ಷ, ಆಶೀರ್ವಾದ ಬೇಕೆಂದು ಸೋದರಮಾವನ ಕೈಲಿ ಹೇಳಿಕಳಿಸಿ, ಹೆಂಡತಿಯ ಜೊತೆ ಬಂದ. ಅವ್ವ ಬೀದಿಗೇ ಇಳಿದು ಇಬ್ಬರ ತಲೆಗೂ ಅಕ್ಷತೆ ಹಾಕಿದಳು. ಅವನನ್ನು ಅಲ್ಲೇ ನಿಲ್ಲಿಸಿ, ಸೊಸೆಯನ್ನು ಮಾತ್ರ ಕೈಹಿಡಿದು ಒಳಗೆ ಕರೆತಂದಳು.

"ಅವ್ನೇನಾದ್ರೂ ಕೈ ಎತ್ತುದ್ರೆ ಮೊದುಲ್ನೇ ಏಟ್ಗೇ ಬಂದ್ಬುಡು ಕಣಮ್ಮ. ನನ್ನಂಗೆ ಕಾಯ್ಬ್ಯಾಡ."

 ಹೊರಗೆ ಅಣ್ಣ ಬೈಕಿನ ಹಾರನ್ ಒತ್ತಿದ, ಮತ್ತೆ ಒತ್ತಿದ. ಹುಡುಗಿ ಗಡಿಬಿಡಿಯಲ್ಲಿ ನನ್ನ ಫೋನ್ ನಂಬರ್ ಕೇಳಿ, ಬೇರೆ ಯಾವುದೋ ಹೆಸರಿನಲ್ಲಿ ಸೇವ್ ಮಾಡಿಕೊಂಡು ಓಡಿದಳು.