ಬಾಯಿ ತಾಗಿಸದೆ ಕುಡಿದ ನೀರು

ಡ್ರೆಸ್ಡೆನ್ನಿನ ನಮ್ಮ ಕಟ್ಟಡದ ಲಿಫ್ಟು ಶವಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದು, ಶವಯಾತ್ರೆಗಿಂತ ಸ್ವಲ್ಪ ನಿಧಾನ. ಅದರೊಳಗೆ ಒಂದು ದಿನ ಬಿಳಿ ಕೂದಲಿನ, ನನಗಿಂತ ಕಪ್ಪಗಿನ ಹೆಂಗಸೊಬ್ಬರು ನನ್ನ ಮುಖ ನೋಡಿದವರೇ ಗಡಗಡ ಸ್ಪ್ಯಾನಿಷ್ ಶುರುಮಾಡಿದರು. ಸ್ಪ್ಯಾನಿಷ್‌ನಲ್ಲಿ ನನಗೆ ಬರುವುದು ಫುಟ್‌ಬಾಲ್ ಆಟಗಾರರ ಹೆಸರು ಮಾತ್ರ. ಆದರೆ ಸುಮ್ಮನಿರುವುದು ನಮ್ಮ ವಂಶದಲ್ಲೇ ಇಲ್ಲ. ನಾನೂ ಅಷ್ಟೇ ಗತ್ತಿನಿಂದ ಕನ್ನಡದಲ್ಲಿ, "ಹೌದ್ರೀ, ಭಾಳ ಥಂಡಿ ಐತಿ. ಈ ಲಿಫ್ಟಿನ್ಯಾಗ ಯಾರೋ ಸಿಗರೇಟ್ ಸೇದ್ಯಾರ ನೋಡ್ರಿ," ಎಂದೆ. ಅವರು ತಲೆಯಾಡಿಸಿ ಮುಂದುವರಿಸಿದರು. ನಾನೂ ಮುಂದುವರಿಸಿದೆ. ಏಳನೆಯ ಮಹಡಿ ಬರುವಷ್ಟರಲ್ಲಿ ಇಬ್ಬರೂ ಸೇರಿ ಯಾರನ್ನೋ ಚೆನ್ನಾಗಿ ಬೈದು ಮುಗಿಸಿದ್ದೆವು. ಯಾರನ್ನು ಎಂದು ಇಬ್ಬರಿಗೂ ಗೊತ್ತಿರಲಿಲ್ಲ.

ನಾನು ಇಳಿಯುವಾಗ ಅವರು ಜರ್ಮನ್‌ನಲ್ಲಿ ಕೇಳಿದರು: "ನೀನು ಕ್ಯೂಬಾದವಳಲ್ಲ, ಅಲ್ವಾ?"

"ಇಂಡಿಯಾ."

"ಸುಳ್ಳು," ಎಂದರು. ಲಿಫ್ಟಿನ ಬಾಗಿಲು ಮುಚ್ಚಿತು.

ಈ 'ಸುಳ್ಳು' ನನಗೆ ಹೊಸದಲ್ಲ. ನಾವು ಸಿದ್ದಿಗಳು, ಯಲ್ಲಾಪುರದ ಕಡೆಯವರು. ಯಾವುದೋ ಕಾಲದಲ್ಲಿ ಪೋರ್ಚುಗೀಸರ ಹಡಗು ಆಫ್ರಿಕಾದಿಂದ ನಮ್ಮ ಹಿರಿಯರನ್ನು ಹಿಡಿದು ತಂದು ಗೋವೆಯಲ್ಲಿ ಮಾರಿತು. ಅವರು ತಪ್ಪಿಸಿಕೊಂಡು ಕಾಡು ಹೊಕ್ಕು ಕೊಂಕಣಿ, ಕನ್ನಡ ಕಲಿತರು. ನಾನು, ಹುಬ್ಬಳ್ಳಿಯಲ್ಲಿ ನರ್ಸಿಂಗ್ ಓದಿ ಇಲ್ಲಿ ಕೆಲಸ ಹಿಡಿದ ಅವ್ವನ ಹಿಂದೆ ವಿಮಾನ ಹತ್ತಿ ಬಂದೆ. ಇಷ್ಟನ್ನು ಟ್ರಾಮ್ ಸ್ಟಾಪಿನಲ್ಲಿ ವಿವರಿಸಿ ಮುಗಿಸುವಷ್ಟರಲ್ಲಿ ಟ್ರಾಮ್ ಹೋಗಿರುತ್ತದೆ. ಹಾಗಾಗಿ ಕೇಳಿದವರಿಗೆ ಸೋಮವಾರ ಬ್ರೆಜಿಲ್, ಮಂಗಳವಾರ ಇಥಿಯೋಪಿಯಾ ಎಂದು ಹಂಚುತ್ತಿದ್ದೆ. ಕನ್ನಡ ಬಳಗದ ಯುಗಾದಿ ಊಟದಲ್ಲಂತೂ ಮೈಸೂರಿನ ಆಂಟಿಯೊಬ್ಬರು ನನಗೆ ಒಬ್ಬಟ್ಟನ್ನು ಇಂಗ್ಲಿಷಿನಲ್ಲಿ ಪರಿಚಯ ಮಾಡಿಸಿದರು. "ಆಂಟಿ, ಇನ್ನೊಂದ್ ಹಾಕ್ರಿ, ತುಪ್ಪ ಈ ಕಡೆ ಸರಸ್ರಿ," ಎಂದೆ. ಅವರ ಕೈಯಲ್ಲಿದ್ದ ಸೌಟು ಗಾಳಿಯಲ್ಲೇ ನಿಂತಿತು.

"ಅಯ್ಯೋ, ಎಷ್ಟ್ ಚೆನ್ನಾಗ್ ಕನ್ನಡ ಕಲ್ತಿದೀಯಮ್ಮಾ! ಯಾವ್ ಆ್ಯಪು?"

"ಯಲ್ಲಾಪುರ ಅಂತ ಐತ್ರಿ ಆಂಟಿ. ಡೌನ್‌ಲೋಡ್ ಆಗಾಕ ನಾಕ್ನೂರ್ ವರ್ಷ ಹಿಡೀತೈತಿ."

ಎಂಟನೆಯ ಮಹಡಿಯ ಆ ಕ್ಯೂಬಾದವರನ್ನೂ ನಾನು ಆಂಟಿ ಎಂದೇ ಕರೆದೆ. ಎಪ್ಪತ್ತು ದಾಟಿದವರಿಗೆ ಆ ಶಬ್ದ ಬಹಳ ಹಿಡಿಸಿತು. ನಮ್ಮ ಮಾತೆಲ್ಲ ಜರ್ಮನ್‌ನಲ್ಲಿ. ಇಲ್ಲಿ ಕನ್ನಡಕ್ಕೆ ಇಳಿಸಿದ್ದೇನೆ. ಜರ್ಮನಿ ಎರಡಾಗಿದ್ದು, ಈ ಊರು ಇನ್ನೊಂದು ದೇಶದಲ್ಲಿದ್ದ ಕಾಲಕ್ಕೆ ಅವರು ನೂಲಿನ ಕಾರ್ಖಾನೆಯ ಕೆಲಸಕ್ಕೆಂದು ಬಂದವರು. ಕಾರ್ಖಾನೆ ಹೋಯಿತು, ಆ ದೇಶ ಹೋಯಿತು, ಆಮೇಲೆ ಜರ್ಮನ್ ಗಂಡನೂ ಹೋದರು. ಆಂಟಿ ಮಾತ್ರ ಉಳಿದರು, ಗೋಡೆ ತುಂಬ ಪುಸ್ತಕ ಇಟ್ಟುಕೊಂಡು. ಕ್ಯೂಬಾ, ಬ್ರೆಜಿಲ್, ಕೊಲಂಬಿಯಾ, ಹೈಟಿ: ಹಡಗಿನಲ್ಲಿ ಸಾಗಿಸಲ್ಪಟ್ಟವರ ಮೊಮ್ಮಕ್ಕಳ ಮೊಮ್ಮಕ್ಕಳು, ತಮ್ಮನ್ನು ಕೊಂಡವರ ಭಾಷೆಯಲ್ಲೇ ಬರೆದ ಕಥೆಗಳು. ಜರ್ಮನ್ ಟೀಚರ್ ಎದುರು ಜಂಬ ಕೊಚ್ಚಲು ಅವುಗಳ ಅನುವಾದಗಳನ್ನು ಕಡ ತಂದೆ. ಆ ಕಥೆಗಳಲ್ಲಿ ಸತ್ತವರಿಗೆ ಸಾಯುವ ಅಭ್ಯಾಸವೇ ಇಲ್ಲ. ಬಾಡಿಗೆ ಕೊಡದೆ ಪ್ರತಿ ಅಧ್ಯಾಯದಲ್ಲೂ ಕೂತಿರುತ್ತಾರೆ, ಸಾರಿಗೆ ಉಪ್ಪು ಕಡಿಮೆ ಎನ್ನುತ್ತಾರೆ. ನಮ್ಮ ಆಯಿಯ, ಅಂದರೆ ಅವ್ವನ ತಾಯಿಯ, ಮನೆಯೂ ಹಾಗೆಯೇ ಇತ್ತು. ಅದನ್ನು ಪುಸ್ತಕ ಮಾಡಬಹುದು ಎಂದು ನಮಗೆ ಯಾರೂ ಹೇಳಿರಲಿಲ್ಲ.

"ಎರಡು ಹಡಗು ಒಂದೇ ದಂಡೆಯಿಂದ ಹೊರಟವು ಅಂತಿಟ್ಕೋ," ಎನ್ನುತ್ತಿದ್ದರು ಆಂಟಿ. "ನಿಮ್ಮದು ಆ ಕಡೆ ತಿರುಗಿತು, ನಮ್ಮದು ಈ ಕಡೆ."

"ಮ್ಯಾಪ್ ಇರಲಿಲ್ಲ ಅನ್ಸುತ್ತೆ."

"ಮ್ಯಾಪ್ ಇದ್ದದ್ದು ಅವರ ಹತ್ತಿರಾನೇ, ಹುಡುಗಿ. ನಮ್ಮ ಹತ್ತಿರ ಇರಲಿಲ್ಲ."

ಅವರ ದನಿ ಆಗಲೇ ಸೋರುತ್ತಿತ್ತು. ಗಂಟಲಲ್ಲಿ ಗೆಡ್ಡೆ. ಚಳಿಗಾಲದಲ್ಲಿ ಆಪರೇಷನ್, ಆಮೇಲೆ ದನಿಯೇ ಇರುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅಷ್ಟರೊಳಗೆ ಅವರಿಗೊಂದೇ ಆಸೆ. ತಮ್ಮನ್ನು ಸಾಕಿದ ಅಜ್ಜಿಯ ಬಗ್ಗೆ ಜರ್ಮನ್‌ನಲ್ಲಿ ಒಂದು ಕಥೆ ಬರೆದಿದ್ದರು. ಅದನ್ನು ನಮ್ಮ ಬಡಾವಣೆಯ ಲೈಬ್ರರಿಯಲ್ಲಿ, ತಮ್ಮ ದನಿಯಲ್ಲಿ, ನಾಲ್ಕು ಜನರೆದುರು ಓದಬೇಕು. ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲವಂತೆ. "ಬರೆದದ್ದು ಅವಳಿಗೆ ತಲುಪಲ್ಲ," ಎನ್ನುತ್ತಿದ್ದರು ಆಂಟಿ, ಪಕ್ಕದ ರೂಮಿನಲ್ಲಿರುವವರ ಬಗ್ಗೆ ಹೇಳುವಂತೆ. "ಕೂಗಿ ಓದಿದರೆ ಮಾತ್ರ ಕೇಳಿಸುತ್ತೆ."

ಓದುವ ವಾರವೇ ಲಿಫ್ಟು ಕೆಟ್ಟಿತು. ಸ್ಕೂಲ್ ಬ್ಯಾಗು ಹೊತ್ತು ಎಂಟು ಮಹಡಿ ಹತ್ತಿದೆ. ನಾಲ್ಕನೆಯ ಮಹಡಿಯಲ್ಲಿ ನನಗೆ ಹಿಮಾಲಯ ಕಂಡಿತು, ಆರನೆಯದರಲ್ಲಿ ಯಮ ಕಂಡ. ಆಂಟಿಯ ಬಾಗಿಲು ತೆರೆದೇ ಇತ್ತು. ಅಡುಗೆಮನೆಯಲ್ಲಿ ಕಾಫಿ ಸೋಸುವ ಸದ್ದು. ಕಿಟಕಿಯ ಬಳಿ ಪುಟ್ಟ ಮೇಜು, ಮೇಲೆ ಇಸ್ತ್ರಿ ಮಾಡಿದ ಬಿಳಿ ಬಟ್ಟೆ, ನಡುವೆ ಗಾಜಿನ ಲೋಟದ ತುಂಬ ತಿಳಿನೀರು. ನಮ್ಮ ಕಡೆ ಬಂದವರಿಗೆ ಮೊದಲು ನೀರು, ಆಮೇಲೆ ಮಾತು. ಎಷ್ಟು ಚಂದದ ಮರ್ಯಾದೆ ಎಂದುಕೊಂಡು, ಲೋಟ ಎತ್ತಿ, ತಲೆ ಹಿಂದಕ್ಕೆ ಬಾಗಿಸಿ, ಗಟಗಟ ಗಂಟಲಿಗೆ ಸುರಿದುಕೊಂಡೆ. ಕೊನೆಯ ಹನಿಯ ಹೊತ್ತಿಗೆ ಲೋಟದ ಹಿಂದಿದ್ದ ಫೋಟೋ ಕಂಡಿತು. ತಲೆಗೆ ಬಟ್ಟೆ ಕಟ್ಟಿದ ಮುದುಕಿಯೊಬ್ಬಳು ನನ್ನ ಗಂಟಲನ್ನೇ ನೋಡುತ್ತಿದ್ದಳು.

ಆಂಟಿ ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಅದು ನನ್ನ ಅಜ್ಜಿಯ ನೀರು."

"ಅಯ್ಯೋ, ಸಾರಿ. ಅಜ್ಜಿಗೆ ಬೇರೆ ತಂದುಕೊಡ್ತೀನಿ. ಎಲ್ಲಿದ್ದಾರೆ?"

"ಅವಳು ಸತ್ತಾಗ ನಾನು ನಿನ್ನಷ್ಟಿದ್ದೆ."

ಆಂಟಿ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ಅಂಚನ್ನು ತಿರುಗಿಸಿ ತಿರುಗಿಸಿ ನೋಡಿದರು. ಅಂಚು ಒಣಗಿತ್ತು. "ನೀನು ಬಾಯಿ ತಾಗಿಸಿಲ್ಲ."

"ನಮ್ಮಲ್ಲಿ ಎತ್ತಿಯೇ ಕುಡಿಯೋದು. ತಾಗಿಸಿದರೆ ಎಂಜಲು. ಎಂಜಲಾದರೆ ಅದು ನಮ್ಮದೇ, ಇನ್ಯಾರಿಗೂ ಕೊಡೋಹಾಗಿಲ್ಲ."

"ಅಂದರೆ ಈ ನೀರು ನಿನ್ನದಾಗಲಿಲ್ಲ," ಎಂದರು ಆಂಟಿ, ಬಹಳ ಮೆಲ್ಲಗೆ. "ಅವಳದ್ದೇ. ನಿನ್ನೊಳಗೆ ನಿಂತಿದೆ, ಅಷ್ಟೆ."

ಅವತ್ತಿನಿಂದ ನನಗೆ ಬಾಯಾರಿಕೆ ಹಿಡಿಯಿತು. ನಾನು ಎಲ್ಲವನ್ನೂ ಎಳೆದು ಹೇಳುವವಳು, ಒಪ್ಪುತ್ತೇನೆ. ಎಲ್ಬೆ ನದಿ ಕುಡಿದೆ ಎನ್ನುವುದಿಲ್ಲ, ಆದರೆ ಆ ವಾರ ಹಡಗಿನವರು ನನ್ನ ಬಳಿ ಬಂದು ದೂರು ಕೊಡಬಹುದಿತ್ತು. ಎಷ್ಟು ಕುಡಿದರೂ ನೀರು ಗಂಟಲಿನ ಒಂದು ಜಾಗವನ್ನು ಬಳಸಿಕೊಂಡು ಇಳಿಯುತ್ತಿತ್ತು, ಅಲ್ಲಿ ಯಾರೋ ಕಾಲು ಚಾಚಿ ಕೂತ ಹಾಗೆ.

ಅವ್ವನಿಗೆ ಹೇಳಿದೆ. ಆಕೆ ಸವತೆಕಾಯಿ ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟಳು.

"ಏನ? ಹಿರೇರ ನೀರ ಕುಡದೀ?"

"ಗೊತ್ತಾಗ್ಲಿಲ್ಲಬೇ. ಮೊದಲ ಬಾಯಿ ಒಣಗಿತ್ತು."

"ನಮ್ಮ ಹಿರೇರಾಗಿದ್ರ ಕೈಕಾಲು ಹಿಡೀಬೌದಿತ್ತು. ಇವ್ರು ಯಾವ ದೇಶದವರೋ, ಕನ್ನಡ ಬರ್ತೈತೋ ಇಲ್ಲೋ!"

ನಮ್ಮ ಹಿರಿಯರು ಅಡುಗೆಮನೆಯ ಶೆಲ್ಫಿನಲ್ಲಿ, ಒಂದು ತೆಂಗಿನಕಾಯಿಯಾಗಿ ಕೂತಿದ್ದಾರೆ. ಊರಿನಲ್ಲಿ ವರ್ಷಕ್ಕೊಮ್ಮೆ ಹೊಸ ಕಾಯಿ ಇಟ್ಟು ಪೂಜೆ. ಇಲ್ಲಿ ವಿಯೆಟ್ನಾಮಿನವರ ಅಂಗಡಿಯಿಂದ ತರುತ್ತೇವೆ. ಅವ್ವ ಆ ಕಾಯಿಗೊಮ್ಮೆ ಕೈಮುಗಿದು, ಡ್ಯೂಟಿ ಬ್ಯಾಗು ತೆರೆದು, ನನ್ನ ಬೆರಳಿಗೆ ಸೂಜಿ ಚುಚ್ಚಿದಳು.

"ಇದೇನಬೇ?"

"ಬಾಯಾರಿಕಿ ಅಂದ್ರ ಶುಗರ್ ಇರ್ತೈತಿ. ಸುಮ್ನ ಕೂಡ್ರು."

ಶುಗರ್ ನಾರ್ಮಲ್ ಬಂತು. ಅವ್ವ ಆ ಯಂತ್ರವನ್ನೇ ದಿಟ್ಟಿಸಿದಳು. ಸಕ್ಕರೆ ಕಾಯಿಲೆ ಬಂದಿದ್ದರೂ ಆಕೆಯ ಮುಖ ಅಷ್ಟು ಬಿಳುಪೇರುತ್ತಿರಲಿಲ್ಲ. ನಮ್ಮ ಬಣ್ಣಕ್ಕೆ ಬಿಳುಪೇರುವುದು ಸುಲಭದ ಮಾತಲ್ಲ.

ಓದುವ ದಿನಕ್ಕೆ ಒಂದು ದಿನ ಮುಂಚೆ ಆಂಟಿ ನಮ್ಮ ಬಾಗಿಲಿಗೆ ಬಂದರು. ಬಾಯಿ ತೆರೆದರು. ಬರೀ ಗಾಳಿ ಬಂತು. ದನಿ ಹೋಗಿತ್ತು, ಡಾಕ್ಟರು ಕೊಟ್ಟ ಗಡುವಿಗೂ ಮುಂಚೆ. ಹಾಳೆಗಳನ್ನು ನನ್ನ ಎದೆಗೊತ್ತಿ, ಕಿವಿಯ ಹತ್ತಿರ ಬಂದು ಉಸಿರಿನಲ್ಲೇ ಹೇಳಿದರು: "ನೀನು ಓದು. ಅವಳ ನೀರು ನಿನ್ನಲ್ಲಿದೆ, ನಿನ್ನ ದನಿಯಾದರೂ ಅವಳಿಗೆ ಕೇಳಿಸಬಹುದು. ಆದರೆ ಒಂದು ಮಾತೂ ಸೇರಿಸಬೇಡ."

"ಒಂದೂ?"

"ಒಂದೂ."

ಹಿಂದೆ ನಿಂತಿದ್ದ ಅವ್ವ ಕನ್ನಡದಲ್ಲಿ ಹೌಹಾರಿದಳು. "ಇಕಿ ಕಡೆ ಓದಸ್ತಾರ? ಟ್ರಾಮ್ ಲೇಟ್ ಆತು ಅಂತ ಹೇಳಾಕೂ ಎರಡ್ ಹುಲಿ ಸೇರಸ್ತಾಳ ಇಕಿ!"

"ಏನಂತಾರೆ ನಿಮ್ಮಮ್ಮ?" ಆಂಟಿ ತುಟಿಯಲ್ಲೇ ಕೇಳಿದರು.

"ನನ್ನ ಮೇಲೆ ತುಂಬ ನಂಬಿಕೆ ಇದೆಯಂತೆ."

ಲೈಬ್ರರಿಯ ಹಿಂದಿನ ಕೋಣೆ. ನವೆಂಬರ್ ಆದ್ದರಿಂದ ಸಂಜೆಯಾಗುವ ಮೊದಲೇ ಕಿಟಕಿಗಳು ಕಪ್ಪಾಗಿದ್ದವು. ಹತ್ತು ಹನ್ನೆರಡು ಜನ, ಕೋಟು ಬಿಚ್ಚದೆ ಕೂತಿದ್ದರು. ಅವ್ವ ಕೊನೆಯ ಸಾಲಿನಲ್ಲಿ, ಆಂಟಿ ಮುಂದಿನ ಸಾಲಿನಲ್ಲಿ; ಅವರ ಪಕ್ಕದ ಕುರ್ಚಿ ಖಾಲಿ. ಅದರ ಮೇಲೆ ಯಾರೋ ಕೂರಲು ಹೋದಾಗ ಆಂಟಿ ಕೈ ಅಡ್ಡ ಹಿಡಿದರು. ನನ್ನ ಮೇಜಿನ ಮೇಲೊಂದು ನೀರಿನ ಜಗ್ಗು ಇಟ್ಟಿದ್ದರು. ನಾನು ಓದು ಶುರುಮಾಡುವ ಮೊದಲೇ ಅದು ಖಾಲಿಯಾಗಿತ್ತು.

ಓದಿದೆ. ಹುಲಿ ಸೇರಿಸಲಿಲ್ಲ, ಇಲಿಯನ್ನೂ ಸೇರಿಸಲಿಲ್ಲ. ಅಜ್ಜಿ ಬೇರೆಯವರ ಬಟ್ಟೆ ಒಗೆದದ್ದು. ತನ್ನ ಅಜ್ಜಿ ಯಾವ ದಂಡೆಯಿಂದ ಬಂದಳೆಂದು ಕೇಳಿದರೆ ಸಮುದ್ರದ ಕಡೆಗೆ ಗಲ್ಲ ಎತ್ತಿ ತೋರಿಸಿದ್ದು. ವರ್ಷಕ್ಕೊಮ್ಮೆ ಒಳಕೋಣೆಯಲ್ಲಿ ಸತ್ತವರಿಗೆ ಬಡಿಸಿ ಬಾಗಿಲು ಮುಚ್ಚಿ, ಮಕ್ಕಳನ್ನೆಲ್ಲ ಅಂಗಳದಲ್ಲಿ ಕೂರಿಸಿದ್ದು. ನನ್ನ ದನಿ ನನಗೇ ಬೇಸರ ಬರುವಷ್ಟು ಸಪ್ಪೆಯಾಗಿ, ನೆಟ್ಟಗೆ ಹೋಗುತ್ತಿತ್ತು. ಆಮೇಲೆ ಆ ಸಾಲು ಬಂತು: ಅವರು ಉಂಡಾದ ಮೇಲೆ ನಾವು ಬಾಗಿಲು ತೆರೆದು ಒಳಗೆ ಹೋದೆವು.

'ಅವರು ಉಂಡಾದ ಮೇಲೆ' ಎಂದವಳು ನಿಂತೆ. ನನ್ನ ಕೈ ತಾನಾಗಿ ಎದ್ದು ಮೇಜನ್ನು ಟಕ್, ಟಕ್, ಟಕ್ ಎಂದು ತಟ್ಟಿತು.

ನಮ್ಮ ಆಯಿಯ ಮನೆಯಲ್ಲಿ ಎಡೆ ಇಟ್ಟು ಬಾಗಿಲು ಮುಚ್ಚಿದ ಮೇಲೆ ಯಾರೂ ಹಾಗೇ ನುಗ್ಗುವುದಿಲ್ಲ. ಮೊದಲು ತಟ್ಟಬೇಕು. ಉಣ್ಣುತ್ತಿರುವವರನ್ನು ಬಾಯಲ್ಲಿ ತುತ್ತಿರುವಾಗ ಹಿಡಿಯಬಾರದು. ಏಳಲು, ಕೈ ತೊಳೆಯಲು ಪುರುಸೊತ್ತು ಕೊಡಬೇಕು. ತಟ್ಟಿ, ಕಾದು, ಆಮೇಲೆ ತೆರೆಯುವುದು. ಆ ಸಾಲನ್ನು ತಟ್ಟದೆ ದಾಟಲು ನನ್ನಿಂದ ಆಗಲಿಲ್ಲ. ಹಾಗಾಗಿ ತಟ್ಟಿದೆ, ಕಾದೆ. ಮಾತು ಸೇರಿಸಿರಲಿಲ್ಲ ಎನ್ನುವುದನ್ನು ದಯವಿಟ್ಟು ಗಮನಿಸಿ.

ಆಗ ಕೋಣೆಯ ಮುಚ್ಚಿದ ಬಾಗಿಲಿನ ಕಡೆಯಿಂದ ಉತ್ತರ ಬಂತು. ಟಕ್. ಟಕ್. ಟಕ್. ನನ್ನದಕ್ಕಿಂತ ನಿಧಾನ.

ಕೋಟುಗಳೆಲ್ಲ ಒಟ್ಟಿಗೆ ತಿರುಗಿದವು. ಆಂಟಿ ಎದ್ದು ನಿಂತರು. ಬಾಯಿ ತೆರೆದರು. ವಾರಗಳಿಂದ ಸೋರಿ ಸೋರಿ ಗಾಳಿಯಾಗಿದ್ದ ಆ ಗಂಟಲಿನಿಂದ, ಕೊನೆಯ ಸಾಲಿನ ಅವ್ವನಿಗೂ ಕೇಳುವ ಹಾಗೆ, ತುಂಬುದನಿಯಲ್ಲಿ ಒಂದೇ ಶಬ್ದ ಹೊರಟಿತು: "ಪಾಸಾ!"

ಸ್ಪ್ಯಾನಿಷ್‌ನಲ್ಲಿ ಹಾಗೆಂದರೆ 'ಬಾ ಒಳಗೆ'.

ಬಾಗಿಲು ತೆರೆಯಲಿಲ್ಲ. ಆಂಟಿ ಕೂತು, ನನಗೆ ಮುಂದುವರಿಸು ಎಂದು ಕೈಸನ್ನೆ ಮಾಡಿದರು. ಉಳಿದದ್ದನ್ನು ಓದಿ ಮುಗಿಸಿ ಓಡಿ ಹೋಗಿ ಬಾಗಿಲು ತೆರೆದೆ. ಆ ಕಾರಿಡಾರಿನಲ್ಲಿ ಒಂದು ಬೆಕ್ಕು ನಡೆದರೂ ದೀಪ ತಾನಾಗಿ ಹತ್ತುತ್ತದೆ. ದೀಪ ಆರಿಯೇ ಇತ್ತು. ನಾನು ಹೊಸ್ತಿಲು ದಾಟಿದ ಮೇಲೆ ಹತ್ತಿತು.

"ಹೀಟಿಂಗ್ ಪೈಪ್," ಎಂದಳು ಅವ್ವ ದಾರಿಯಲ್ಲಿ. "ಥಂಡ್ಯಾಗ ಪೈಪ್ ಬಡೀತಾವು." ಹಾಗೆಂದವಳು ನನ್ನ ಕೈಯನ್ನು ಮನೆ ಬರುವ ತನಕ ಬಿಡಲಿಲ್ಲ.

ಆಂಟಿ ಫೋನಿನಲ್ಲಿ ಬರೆದು ತೋರಿಸಿದರು: ಅಜ್ಜಿಯೂ ತಟ್ಟುತ್ತಿದ್ದಳು. ನಾನು ಮರೆತೇಬಿಟ್ಟಿದ್ದೆ, ಅದಕ್ಕೇ ಕಥೆಯಲ್ಲಿ ಇಲ್ಲ. ನಿನಗೆ ಯಾರು ಹೇಳಿದರು?

"ಯಾರೂ ಇಲ್ಲ. ನಮ್ಮ ಮನೇಲೂ ಹಾಗೇ."

ಅವರು ಫೋನನ್ನು ಕೋಟಿನೊಳಗೆ ಇಟ್ಟುಕೊಂಡರು.

ಆಪರೇಷನ್ ಆಯಿತು. ಆಸ್ಪತ್ರೆಯಿಂದ ಅವರನ್ನು ಕರೆತಂದವರು ಅವ್ವ ಮತ್ತು ನಾನು. ಕುತ್ತಿಗೆಗೆ ಪಟ್ಟಿ, ಮಾತಿಲ್ಲ, ಮುಂದೆಂದೂ ಇಲ್ಲ. ಎಂಟನೆಯ ಮಹಡಿಯಲ್ಲಿ ನಾನು ಅವರ ಬೀಗದ ಕೈ ತೆಗೆದೆ. ಆಂಟಿ ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿದರು. ತಮ್ಮದೇ ಮನೆಯ, ಯಾರೂ ಇಲ್ಲದ ಮನೆಯ ಬಾಗಿಲನ್ನು ತಾವೇ ತಟ್ಟಿದರು.

ಕಾದೆವು. ತಟ್ಟಿದ ಮೇಲೆ ಯಾರಾದರೂ ಬಾ ಎನ್ನಬೇಕಲ್ಲ. ಅವರಿಗೆ ದನಿ ಇಲ್ಲ, ಒಳಗಿರುವವಳಿಗೆ ಜೀವ ಇಲ್ಲ. ನನ್ನ ಗಂಟಲಲ್ಲಿ ಕಾಲು ಚಾಚಿ ಕೂತಿದ್ದದ್ದು ಎದ್ದ ಹಾಗಾಯಿತು. "ಬರ್ರಿ ಒಳಗ," ಎಂದೆ.

ಬೆನ್ನ ಹಿಂದೆ ಅವ್ವನ ಕೈಯಿಂದ ಚೀಲ ಬಿತ್ತು.

"ಯಾರದಲೇ ಆ ದನಿ?"

"ನಂದಬೇ."

"ನಿಂದಲ್ಲ ಅದು. ನಿನ್ನ ದನಿ ನನಗ ಗೊತ್ತಿಲ್ಲೇನ?"

ಕನ್ನಡದ ಒಂದಕ್ಷರ ಬಾರದ ಆಂಟಿ ಮಾತ್ರ, ಕರೆದದ್ದು ತಮ್ಮನ್ನೇ ಎಂಬಂತೆ, ನೆಟ್ಟಗೆ ಒಳಗೆ ನಡೆದರು. ಕಿಟಕಿಯ ಬಳಿಯ ಲೋಟ ತೊಳೆದು, ನೀರು ತುಂಬಿ, ಫೋಟೋದ ಮುಂದೆ ಇಟ್ಟರು. ಇನ್ನೊಂದು ಲೋಟ ತುಂಬಿ ನನ್ನ ಕೈಗೆ ಕೊಟ್ಟರು. ಅದನ್ನು ನಾನು ಎತ್ತಿ ಕುಡಿಯಲಿಲ್ಲ. ಅಂಚಿಗೆ ಎರಡೂ ತುಟಿ ಒತ್ತಿ, ಪೂರ್ತಿ ಎಂಜಲು ಮಾಡಿ, ಕುಡಿದೆ.