ಟೀ ಕೇಳಿದ ದನಿ

ಗಂಡ ತೀರಿಕೊಂಡ ಮೇಲೆ, ಅವರ ದನಿ ಎಲ್ಲಿ ಮರೆತುಹೋಗುತ್ತದೋ ಎಂಬ ಭಯದಿಂದ ಅವರ ಮೇಲೊಂದು ಸಣ್ಣಕಥೆ ಬರೆದಿದ್ದೆ. ಕೋಲಾರದಲ್ಲಿ ನಡೆದ ಶಿಕ್ಷಕರ ಕಥಾಶಿಬಿರದಲ್ಲಿ ಒಬ್ಬರ ಕಥೆಯನ್ನು ಪಕ್ಕದವರು ಗಟ್ಟಿಯಾಗಿ ಓದಬೇಕಿತ್ತು. ನನ್ನದು ಶ್ರೀನಿವಾಸಪುರದ ಮೇಡಂ ಒಬ್ಬರ ಕೈಗೆ ಹೋಯಿತು.

"ಎತ್ತರದ, ಸೌಮ್ಯ ಸ್ವಭಾವದ ಅವರು 'ಚಹಾ ಸಿದ್ಧವಾಯಿತೇ?' ಎಂದು ಕೇಳಿದರು" ಎಂದು ಓದಿ ಆಕೆ ನಿಲ್ಲಿಸಿದರು. "ಇವ್ರು ರೇಡಿಯೋದಲ್ಲಿ ವಾರ್ತೆ ಓದ್ತಿದ್ರಾ ಮೇಡಂ?"

"ಇಲ್ಲ, ತಾಯಲೂರಲ್ಲಿ ಬೇಸಾಯ ಮಾಡ್ತಿದ್ರು."

"ಹಂಗಾದ್ರೆ ಮನೇಲಿ ತೆಲುಗು ತಾನೆ? ಟೀ ಹೆಂಗೆ ಕೇಳೋರು, ಹೇಳಿ."

ಮನೆಯಲ್ಲಿ ತೆಲುಗು ಆಡಿದರೂ ಬರೆಯಲು ಕೂತರೆ ಎಲ್ಲವನ್ನೂ ಪಾಠದ ಕನ್ನಡಕ್ಕೆ ತಿರುಗಿಸುವುದು ಆಂಧ್ರದ ಗಡಿಯ ನಮ್ಮ ಕಡೆಯವರ ಅಭ್ಯಾಸ. ಅವರು ಅಡುಗೆಮನೆ ಬಾಗಿಲಿಗೆ ಒರಗಿ, ಟವೆಲಿನಲ್ಲಿ ಕತ್ತು ಒರೆಸಿಕೊಳ್ಳುತ್ತಾ ಕೇಳುತ್ತಿದ್ದುದನ್ನು ಅವರದೇ ತೆಲುಗಿನಲ್ಲಿ ಮೆಲ್ಲಗೆ ಹೇಳಿದೆ. ಆಕೆ ಎತ್ತರವನ್ನೂ ಸೌಮ್ಯವನ್ನೂ ಹೊಡೆದುಹಾಕಿ, ಬಾಗಿಲು ಟವೆಲುಗಳನ್ನು ಸೇರಿಸಿ ಮತ್ತೆ ಓದಿದರು.

"ಏಮೇ, ಟೀ ಪೆಟ್ಟಿನಾವಾ?"

ಏನೇ, ಟೀ ಇಟ್ಯಾ ಅಂತ, ಅವರನ್ನು ಎಂದೂ ಕಾಣದ ಹೆಂಗಸಿನ ಬಾಯಲ್ಲಿ ಅವರೇ ಮಾತಾಡಿದರು. "ಉಂಡಂಡಿ, ಪೆಡತಾನು" (ಇರಿ, ಇಡ್ತೀನಿ) ಎಂದು ತೆಲುಗಿನಲ್ಲೇ ಉತ್ತರಿಸಿ ಎದ್ದು ನಿಂತುಬಿಟ್ಟೆ.

ಕೋಣೆಯಲ್ಲಿದ್ದವರೆಲ್ಲ ನನ್ನನ್ನೇ ನೋಡಿದರು. ಶಿಬಿರದ ಟೀ ವಿರಾಮಕ್ಕೆ ಇನ್ನೂ ತುಂಬ ಹೊತ್ತಿತ್ತು.